ಮನೆಯ ಕಡತಗಳು ಕ್ಲೌಡ್‌ನಲ್ಲಿ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಒಂದು ಸಮೀಕ್ಷೆ

ಕ್ಲೌಡ್ ಸಂಗ್ರಹ ಎಂದರೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಕಡತದ ಪ್ರತಿಯನ್ನು ಇಂಟರ್ನೆಟ್ ಮೂಲಕ ಕಳಿಸಿ ದೂರದ ಡೇಟಾ ಕೇಂದ್ರದಲ್ಲಿ ಇಡುವ ವ್ಯವಸ್ಥೆ. ಅಲ್ಲಿಟ್ಟದ್ದನ್ನು ಖಾತೆಯೂ ಪಾಸ್‌ವರ್ಡೂ ಇದ್ದವರು ಯಾವ ಊರಿನಿಂದಲಾದರೂ ತೆರೆಯಬಹುದು, ಲಿಂಕ್ ಕೊಟ್ಟು ಬೇರೆಯವರಿಗೆ ತೋರಿಸಬಹುದು. ಡ್ರಾಪ್‌ಬಾಕ್ಸ್ 2008ರಲ್ಲಿ, ಆಪಲ್‌ನ ಐಕ್ಲೌಡ್ 2011ರಲ್ಲಿ, ಗೂಗಲ್ ಡ್ರೈವ್ 2012ರ ಏಪ್ರಿಲ್‌ನಲ್ಲಿ ಜನರ ಕೈಗೆ ಬಂದವು. ಮೈಕ್ರೋಸಾಫ್ಟ್ 2007ರಲ್ಲೇ ಆರಂಭಿಸಿದ್ದ ಸೇವೆ 2014ರಲ್ಲಿ ಒನ್‌ಡ್ರೈವ್ ಎಂಬ ಹೆಸರು ಪಡೆಯಿತು. ಆಂಡ್ರಾಯ್ಡ್ ಫೋನುಗಳೇ ಹೆಚ್ಚಾಗಿರುವ ಹಾವೇರಿ ಜಿಲ್ಲೆಯಂಥ ಕಡೆ ನಿತ್ಯದ ಬಳಕೆಗೆ ಒದಗಿರುವುದು ಮುಖ್ಯವಾಗಿ ಗೂಗಲ್ ಡ್ರೈವ್ ಮತ್ತು ಅದರ ಜೊತೆಯ ಗೂಗಲ್ ಫೋಟೋಸ್.

1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳು ಒಕ್ಕಲುತನದ ಸೀಮೆ. ಹಾನಗಲ್ಲಿನಲ್ಲಿ ಭತ್ತ ಮತ್ತು ಮಾವು, ಸವಣೂರಿನಲ್ಲಿ ವೀಳ್ಯದೆಲೆ, ಹಿರೇಕೆರೂರಿನಲ್ಲಿ ಗೋವಿನಜೋಳ ಮತ್ತು ಹತ್ತಿ. ಇಲ್ಲಿ ಕ್ಲೌಡ್ ಬಳಸುವವರಲ್ಲಿ ಅನೇಕರಿಗೆ ತಾವು ಅದನ್ನು ಬಳಸುತ್ತಿದ್ದೇವೆಂಬ ಅರಿವೇ ಇಲ್ಲ. ಹೊಸ ಫೋನು ಕೊಂಡ ದಿನ ಅಂಗಡಿಯವರು ಜಿಮೇಲ್ ಖಾತೆ ತೆರೆದು ಕೊಡುತ್ತಾರೆ. ಅಂದಿನಿಂದ ಕ್ಯಾಮೆರಾದ ಚಿತ್ರಗಳು ಗೂಗಲ್ ಫೋಟೋಸ್‌ಗೆ, ವಾಟ್ಸ್‌ಆ್ಯಪ್ ಮಾತುಕತೆ ಡ್ರೈವ್‌ಗೆ ತಾವಾಗಿಯೇ ಏರತೊಡಗುತ್ತವೆ. ತಿಳಿದು ಬಳಸುವವರೂ ಇದ್ದಾರೆ. ಶಾಲೆಯ ವರದಿ ಕಳಿಸುವ ಶಿಕ್ಷಕರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಪಿಡಿಎಫ್ ಟಿಪ್ಪಣಿಗಳನ್ನು ಲಿಂಕ್ ಮೂಲಕ ಹಂಚಿಕೊಳ್ಳುವ ಯುವಕರು, ಮದುವೆಯ ಚಿತ್ರಗಳನ್ನು ಗೋವೆಯಲ್ಲೋ ಬೆಂಗಳೂರಿನಲ್ಲೋ ದುಡಿಯುವ ಬಂಧುಗಳಿಗೆ ತಲುಪಿಸುವ ಸ್ಟುಡಿಯೊದವರು ಅವರಲ್ಲಿ ಸೇರುತ್ತಾರೆ. ತಿಳಿಯದೆ ಬಳಸುವವರ ಕಡತಗಳೇ ಹೆಚ್ಚು ಅಪಾಯದಲ್ಲಿರುತ್ತವೆ. ಎಲ್ಲಿದೆ ಎಂದು ಗೊತ್ತಿಲ್ಲದ್ದು ಹೋದಾಗ, ಹೋಯಿತೆಂದೂ ತಡವಾಗಿಯೇ ಗೊತ್ತಾಗುತ್ತದೆ.

ಕರ್ನಾಟಕದ ಹಳ್ಳಿಗಳಿಗೆ ದೂರದ ಕಂಪ್ಯೂಟರಿನಲ್ಲಿ ಕಾಗದ ಇರುವ ಪರಿಚಯ ಡ್ರೈವ್‌ಗಿಂತ ಹಳೆಯದು. 2000ದ ಸುಮಾರಿಗೆ ಕಂದಾಯ ಇಲಾಖೆಯ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು, ಅಂದರೆ ಉತಾರಗಳನ್ನು, ಗಣಕೀಕರಿಸಿತು. ತಲಾಟಿಯ ಕೈಬರಹದ ಉತಾರದ ಕಾಲ ಮುಗಿದು, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಮುದ್ರಿತ ಉತಾರ ಸಿಗತೊಡಗಿತು. ಪಂಚಾಯಿತಿ ಆಸ್ತಿಗೆ ಇ-ಸ್ವತ್ತು, ನೋಂದಣಿಗೆ ಕಾವೇರಿ ತಂತ್ರಾಂಶ, ಅರ್ಜಿಗಳಿಗೆ ಸೇವಾ ಸಿಂಧು ಮತ್ತು ಗ್ರಾಮ ಒನ್ ಕೇಂದ್ರಗಳು ಬಂದವು. 2024ರಲ್ಲಿ ಭೂ ಸುರಕ್ಷಾ ಎಂಬ ಹೆಸರಿನಲ್ಲಿ ತಹಶೀಲ್ದಾರ್ ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ಶುರುವಾಯಿತು. ಕೇಂದ್ರ ಸರ್ಕಾರದ ಡಿಜಿಲಾಕರ್ 2015ರ ಜುಲೈನಿಂದ ಇದೆ. ಇಲಾಖೆಯೇ ನೇರವಾಗಿ ಡಿಜಿಲಾಕರ್‌ಗೆ ಹಾಕಿದ ದಾಖಲೆಗೆ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಮೂಲಪ್ರತಿಯಷ್ಟೇ ಮಾನ್ಯತೆ ಉಂಟು. ಬಳಕೆದಾರ ತಾನೇ ಫೋಟೊ ತೆಗೆದು ಅಲ್ಲಿಗೆ ಏರಿಸಿದ ಪ್ರತಿಗೆ ಆ ಮಾನ್ಯತೆ ಇಲ್ಲ. ಡ್ರೈವ್‌ನಲ್ಲಿರುವ ಪ್ರತಿಗಂತೂ ಇಲ್ಲವೇ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಅರ್ಜಿ ತಿರಸ್ಕೃತವಾದಾಗ ಜನ ಮತ್ತೆ ಕಚೇರಿಗಳಿಗೆ ಅಲೆಯಬೇಕಾಗುತ್ತದೆ.

ಈ ಹಿನ್ನೆಲೆಯಲ್ಲಿ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಯಾವ ಆ್ಯಪ್ ಎಂಬುದಲ್ಲ, ಏನನ್ನು ಕಾಪಾಡಬೇಕು ಎಂಬುದು. ಮನೆಯ ಕಡತಗಳಲ್ಲಿ ಎರಡು ಬಗೆಯಿವೆ. ಉತಾರ, ಆಧಾರ್, ಪಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನೋಂದಾಯಿತ ಖರೀದಿಪತ್ರ ಮೊದಲಾದವುಗಳ ಮೂಲ ಯಾವುದೋ ಇಲಾಖೆಯಲ್ಲಿದೆ. ಮನೆಯ ಪ್ರತಿ ಕಳೆದರೆ ಶುಲ್ಕ ಕಟ್ಟಿ, ದಿನಗಟ್ಟಲೆ ಓಡಾಡಿ ಮತ್ತೆ ಪಡೆಯಲು ಸಾಧ್ಯ. ನೋಂದಣಿಯಾಗದ ವಾಟ್ನಿಪತ್ರ (ಆಸ್ತಿ ಹಂಚಿಕೆಯ ಪತ್ರ), ಹಿರಿಯರ ಕೈಬರಹದ ಲೆಕ್ಕದ ಪುಸ್ತಕ, ಬೀಜದ ಕಂಪನಿಯ ಏಜೆಂಟರು ಬರೆದುಕೊಟ್ಟ ಚೀಟಿ, ತೀರಿಕೊಂಡವರ ಫೋಟೊ, ಅಜ್ಜಿ ಹಾಡಿದ ಬೀಸುವ ಪದದ ರೆಕಾರ್ಡಿಂಗು ಇತ್ಯಾದಿಗಳ ಪ್ರತಿ ಲೋಕದಲ್ಲಿ ಬೇರೆಲ್ಲೂ ಇಲ್ಲ. ಹೆಚ್ಚು ಕಾಳಜಿ ಬೇಕಾದದ್ದು ಇವಕ್ಕೆ, ವಾಸ್ತವದಲ್ಲಿ ನಡೆಯುವುದು ತಿರುಗುಮುರುಗು. ಆಧಾರ್ ಕಾರ್ಡಿನ ಫೋಟೊ ಹತ್ತಾರು ಕಡೆ ಚೆಲ್ಲಿರುತ್ತದೆ, ವಾಟ್ನಿಪತ್ರದ ಫೋಟೊವನ್ನು ಒಮ್ಮೆಯೂ ತೆಗೆದಿರುವುದಿಲ್ಲ. ಇನ್ನೊಂದು ಪ್ರತಿ ಮೊದಲು ಆಗಬೇಕಾದದ್ದು ಎರಡನೆಯ ಬಗೆಯದಕ್ಕೆ.

ಅದರ ತುರ್ತು 2019ರ ಆಗಸ್ಟ್‌ನಲ್ಲಿ ಕಣ್ಣಿಗೆ ರಾಚುವಂತೆ ಕಂಡಿತು. ವರದಾ ನದಿ ಹಾನಗಲ್ಲ, ಸವಣೂರು ತಾಲ್ಲೂಕುಗಳ ಹೊಳೆದಂಡೆಯ ಊರುಗಳನ್ನು ಹಾದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಆ ವರ್ಷದ ನೆರೆಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಮಣ್ಣಿನ ಗೋಡೆಯ ಮನೆಗಳು ದೊಡ್ಡ ಸಂಖ್ಯೆಯಲ್ಲಿ ಕುಸಿದವು. ಪರಿಹಾರಕ್ಕೆ ಅರ್ಜಿ ಹಾಕಲು ಕಾಗದ ಬೇಕು. ಕಾಗದವೋ ಟ್ರಂಕಿನೊಳಗೆ, ಟ್ರಂಕು ಕುಸಿದ ಗೋಡೆಯ ಕೆಳಗೆ. ಸರ್ಕಾರಿ ದಾಖಲೆಗಳನ್ನು ಕಚೇರಿಯಿಂದ ಮತ್ತೆ ತೆಗೆಸಲು ದಾರಿಯಿತ್ತು. ಮನೆಯಲ್ಲಷ್ಟೇ ಇದ್ದ ಕಾಗದ ಮತ್ತು ಚಿತ್ರಗಳಿಗೆ ಅಂಥ ದಾರಿ ಇರಲಿಲ್ಲ. ಹೆಚ್ಚಿನ ಮನೆಗಳಲ್ಲಿ ಫೋನು ಇದ್ದ ಕಾಲದಲ್ಲೇ ಈ ನಷ್ಟವಾದದ್ದು ನೋವಿನ ಸಂಗತಿ. ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಕುಳಿತು ಡ್ರೈವ್ ಆ್ಯಪಿನ ಸ್ಕ್ಯಾನ್ ಗುಂಡಿಯಿಂದ ಆ ಕಾಗದಗಳನ್ನು ಪಿಡಿಎಫ್ ಮಾಡಿಟ್ಟಿದ್ದರೆ ಕನಿಷ್ಠ ಓದಲು ಬರುವ ಪ್ರತಿಯಾದರೂ ಉಳಿಯುತ್ತಿತ್ತು.

ಪ್ರತಿಯನ್ನು ಬೇರೆ ಊರಿನಲ್ಲಿ ಇಡುವ ವಿವೇಕಕ್ಕೆ ಈ ಸೀಮೆಯಲ್ಲೇ ಹಳೆಯ ನಿದರ್ಶನವಿದೆ. 19ನೆಯ ಶತಮಾನದಲ್ಲಿ ವಾಲ್ಟರ್ ಎಲಿಯಟ್ ಮತ್ತು ಜೆ. ಎಫ್. ಫ್ಲೀಟ್ ಧಾರವಾಡ ಸೀಮೆಯ ಶಾಸನಗಳ ಪ್ರತಿಗಳನ್ನು ಮಾಡಿದರು, ಮಾಡಿಸಿದರು. ಅಂಥ ಪ್ರತಿಗಳು ಮತ್ತು ಮುಂದೆ ತೆಗೆದ ಪಡಿಯಚ್ಚುಗಳು ದೂರದ ಸಂಗ್ರಹಗಳಲ್ಲಿ ಉಳಿದಿರುವುದರಿಂದ, ಕಲ್ಲು ಸವೆದ ಕಡೆಯೂ ಪಾಠವನ್ನು ಓದಲು ಆಗುತ್ತದೆ. ಮೂಲ ಒಂದು ಕಡೆ, ಪ್ರತಿ ದೂರದ ಇನ್ನೊಂದು ಕಡೆ ಎಂಬುದೇ ಬ್ಯಾಕಪ್ಪಿನ ತಿರುಳು.

ಕ್ಲೌಡ್‌ಗೆ ಏರಿಸಿದ್ದೆಲ್ಲ ಬ್ಯಾಕಪ್ ಆಗುವುದಿಲ್ಲ ಎಂಬುದು ಇಲ್ಲಿಂದಲೇ ಹೊರಡುವ ಮಾತು. ಡ್ರೈವ್, ಫೋಟೋಸ್ ಮುಂತಾದವು ಮೂಲತಃ ಸಿಂಕ್ ಮಾಡುವ ಸಾಧನಗಳು: ಫೋನಿನಲ್ಲಿ ಆದದ್ದು ಅಲ್ಲಿಯೂ ಆಗುತ್ತದೆ. ಬ್ಯಾಕಪ್ ಆಗಿರುವ ಚಿತ್ರವನ್ನು ಗೂಗಲ್ ಫೋಟೋಸ್ ಆ್ಯಪಿನಲ್ಲಿ ಅಳಿಸಿದರೆ ಕ್ಲೌಡ್‌ನಿಂದಲೂ ಅಳಿದು ಕಸದ ಬುಟ್ಟಿಗೆ ಹೋಗುತ್ತದೆ, 60 ದಿನಗಳ ಮೇಲೆ ಅಲ್ಲಿಂದಲೂ ಹೋಗುತ್ತದೆ. ಡ್ರೈವ್‌ನ ಬುಟ್ಟಿಯ ಗಡುವು 30 ದಿನ. ಮಗು ಆಟವಾಡುತ್ತಾ ಅಳಿಸಿದ ಚಿತ್ರ ಎರಡು ತಿಂಗಳ ಮೇಲೆ ನೆನಪಾದರೆ ಏನೂ ಮಾಡುವಂತಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ಫೋನು ತುಂಬಿದೆ ಎಂಬ ಸೂಚನೆ ಬಂದಾಗ, ಕ್ಲೌಡ್‌ಗೆ ಏರಿರುವ ಚಿತ್ರಗಳನ್ನು ಫೋನಿನಿಂದ ತೆಗೆದು ಜಾಗ ಮಾಡಿಕೊಡುವ ಗುಂಡಿಯನ್ನು ಗೂಗಲ್ ಫೋಟೋಸ್ ಕೊಡುತ್ತದೆ. ಅದನ್ನು ಒತ್ತಿದ ಮೇಲೆ ಉಳಿಯುವುದು ಕ್ಲೌಡ್‌ನಲ್ಲಿರುವ ಒಂದೇ ಪ್ರತಿ. ಎರಡನೆಯ ಪ್ರತಿಯೇ ಇಲ್ಲದ ಮೇಲೆ ಅದನ್ನು ಬ್ಯಾಕಪ್ ಎನ್ನಲು ಬರುವುದಿಲ್ಲ. ಸಂಗ್ರಹದ ಜಾಗ ಬದಲಾಯಿತು, ಅಷ್ಟೆ.

ಉಚಿತ ಜಾಗದ ಲೆಕ್ಕವೂ ತಿಳಿದಿರಬೇಕು. ಗೂಗಲ್ ಖಾತೆಗೆ 2013ರಿಂದ ಜಿಮೇಲ್, ಡ್ರೈವ್, ಫೋಟೋಸ್ ಎಲ್ಲಕ್ಕೂ ಸೇರಿ 15 ಜಿಬಿ ಎಂಬ ಮಿತಿಯಿದೆ. ಒನ್‌ಡ್ರೈವ್ ಮತ್ತು ಐಕ್ಲೌಡ್ 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ ಕೊಡುತ್ತವೆ. 2015ರಿಂದ ಕುಗ್ಗಿಸಿದ ಗಾತ್ರದ ಚಿತ್ರಗಳನ್ನು ಲೆಕ್ಕವಿಲ್ಲದೆ ಉಚಿತವಾಗಿ ಇಟ್ಟುಕೊಳ್ಳುತ್ತಿದ್ದ ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಅದನ್ನು ನಿಲ್ಲಿಸಿತು. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ಪನ್ನೂ 2024ರ ವೇಳೆಗೆ ಇದೇ 15 ಜಿಬಿಯೊಳಗೆ ಎಣಿಸತೊಡಗಿದರು. ಒಂದು ಚಿತ್ರಕ್ಕೆ ಮೂರೂವರೆ ಎಂಬಿ ಎಂದು ಹಿಡಿದರೆ 15 ಜಿಬಿಯಲ್ಲಿ ಸುಮಾರು 4,000 ಚಿತ್ರ ಹಿಡಿಯುತ್ತವೆ. ನಿಮಿಷಕ್ಕೆ 130 ಎಂಬಿಯ ವಿಡಿಯೊ ಆದರೆ ಎರಡು ಗಂಟೆಗೂ ಸಾಲದು. ಒಂದು ಮದುವೆಯ ವಿಡಿಯೊ ಸಾಕು, ಖಾತೆ ತುಂಬಿ ಹೋಗುತ್ತದೆ. ತುಂಬಿದ ಮೇಲೆ ಹೊಸದು ಏರುವುದಿಲ್ಲ, ಜಿಮೇಲ್‌ಗೆ ಪತ್ರ ಬರುವುದೂ ನಿಲ್ಲುತ್ತದೆ. ಪರೀಕ್ಷೆಯ ಪ್ರವೇಶಪತ್ರಕ್ಕಾಗಿ ಕಾಯುತ್ತಿರುವ ಅಭ್ಯರ್ಥಿಗೆ ಇದು ಸಣ್ಣ ವಿಷಯವಲ್ಲ.

ಹಣ ಕೊಟ್ಟು ಹೆಚ್ಚು ಜಾಗ ಪಡೆಯಬಹುದು. ಈಚೆಗೆ ಮೊಬೈಲ್ ಕಂಪನಿಗಳು ರೀಚಾರ್ಜಿನ ಜೊತೆಗೇ ಕೆಲವು ತಿಂಗಳು ಉಚಿತ ಜಾಗ ಕೊಡುತ್ತಿವೆ. ಉಚಿತದ ಅವಧಿ ಮುಗಿದ ಮೇಲೆ ಶುಲ್ಕ ಕಟ್ಟಬೇಕು, ಇಲ್ಲವೇ ತುಂಬಿದ್ದನ್ನು ಇಳಿಸಿಕೊಳ್ಳಬೇಕು. ಮಿತಿ ಮೀರಿದ ಖಾತೆ ಎರಡು ವರ್ಷ ಹಾಗೆಯೇ ಇದ್ದರೆ ಅದರಲ್ಲಿರುವುದನ್ನು ಅಳಿಸುವ ಅಧಿಕಾರವನ್ನು ಗೂಗಲ್ ಇಟ್ಟುಕೊಂಡಿದೆ.

ಏರಿಸುವ ಕೆಲಸಕ್ಕೆ ಬೇಕಾದ ವೇಗ ಇನ್ನೊಂದು ಸಂಗತಿ. 2016ರ ನಂತರ 4ಜಿ ಡೇಟಾ ಅಗ್ಗವಾಗಿ ಹಳ್ಳಿಗಳಲ್ಲೂ ವಿಡಿಯೊ ನೋಡುವುದು ಸಲೀಸಾಯಿತು. ನೋಡುವುದು ಇಳಿಸುವ ಕೆಲಸ. ಬ್ಯಾಕಪ್ ಏರಿಸುವ ಕೆಲಸ, ಅದರ ವೇಗ ಸಾಮಾನ್ಯವಾಗಿ ಬಹಳ ಕಡಿಮೆ. ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಒಂದು ಜಿಬಿ ಏರಲು ಸುಮಾರು 27 ನಿಮಿಷ ಬೇಕು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಅದರ ಬಹುಪಾಲು ಅಲ್ಲೇ ಮುಗಿಯುತ್ತದೆ. ಆದ್ದರಿಂದ ಹೆಚ್ಚಿನ ಫೋನುಗಳಲ್ಲಿ ವೈಫೈ ಸಿಕ್ಕಾಗ ಮಾತ್ರ ಬ್ಯಾಕಪ್ ನಡೆಯಲಿ ಎಂಬ ಆಯ್ಕೆ ಮೊದಲೇ ಇರುತ್ತದೆ. ವೈಫೈ ಎಂದೂ ಸಿಗದ ಮನೆಯಲ್ಲಿ ಬ್ಯಾಕಪ್ ಎಂದೂ ನಡೆಯುವುದಿಲ್ಲ, ನಡೆದಿದೆ ಎಂಬ ನಂಬಿಕೆ ಮಾತ್ರ ಇರುತ್ತದೆ. ಆ್ಯಪ್ ತೆರೆದು ಕೊನೆಯ ಬ್ಯಾಕಪ್ ಯಾವ ದಿನದ್ದೆಂದು ನೋಡಿದರೆ ನಿಜಾಂಶ ತಿಳಿಯುತ್ತದೆ. ಮುಖ್ಯವಾದ ಕೆಲವನ್ನಾದರೂ ದಿನದ ಡೇಟಾ ಉಳಿದಿರುವ ರಾತ್ರಿ ಹೊತ್ತಿನಲ್ಲಿ ಕೈಯಾರೆ ಏರಿಸುವುದು ಇಂಥ ಮನೆಗಳಿಗೆ ಸರಿಯಾದ ದಾರಿ.

ಹಂಚಿಕೆಯ ಕಡೆಗೆ ಬಂದರೆ ಹಳ್ಳಿಯ ಮೊದಲ ಸಾಧನ ವಾಟ್ಸ್‌ಆ್ಯಪ್. ಅದು ಚಿತ್ರಗಳನ್ನು ಕುಗ್ಗಿಸಿ ಕಳಿಸುತ್ತದೆ. ಸ್ಕ್ಯಾನ್ ಮಾಡಿದ ಕಾಗದದ ಸಣ್ಣ ಅಕ್ಷರ ಮಸುಕಾಗುವುದು ಇದರಿಂದಲೇ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮೂಲದ ಗುಣ ಉಳಿಯುತ್ತದೆ, 2022ರಿಂದ 2 ಜಿಬಿವರೆಗಿನ ಕಡತವನ್ನು ಹೀಗೆ ಕಳಿಸಬಹುದು. ಆದರೆ ವಾಟ್ಸ್‌ಆ್ಯಪ್ ಸಾಗಿಸುವ ವ್ಯವಸ್ಥೆಯೇ ಹೊರತು ಕೂಡಿಡುವ ವ್ಯವಸ್ಥೆಯಲ್ಲ. ಫೋನು ಬದಲಾದ ಮೇಲೆ ಹಳೆಯ ಪಿಡಿಎಫ್ ಒತ್ತಿದರೆ ಎಷ್ಟೋ ಸಲ ತೆರೆಯುವುದಿಲ್ಲ. ಕಳಿಸಿದವರನ್ನೇ ಮತ್ತೆ ಕೇಳಬೇಕು. ಮತ್ತೆ ಮತ್ತೆ ಬೇಕಾಗುವ, ಹಲವರು ನೋಡಬೇಕಾದ, ತಿದ್ದುತ್ತಲೇ ಇರಬೇಕಾದ ಕಡತಕ್ಕೆ ಡ್ರೈವ್‌ನ ಲಿಂಕೇ ಸರಿ. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಅದಕ್ಕಿಂತ ದೊಡ್ಡದು ತಾನಾಗಿಯೇ ಡ್ರೈವ್ ಲಿಂಕ್ ಆಗುತ್ತದೆ.

ಲಿಂಕ್ ಕೊಡುವಾಗ ಎರಡು ನಿರ್ಧಾರಗಳಿವೆ: ಯಾರು ತೆರೆಯಬಹುದು, ತೆರೆದವರು ಏನು ಮಾಡಬಹುದು. ಹೆಸರಿಸಿದ ಇಮೇಲ್‌ನವರಿಗೆ ಮಾತ್ರ ಎಂಬ ಆಯ್ಕೆಯಲ್ಲಿ ಬೇರೆಯವರ ಕೈಗೆ ಲಿಂಕ್ ಸಿಕ್ಕರೂ ಕಡತ ತೆರೆಯದು. ಲಿಂಕ್ ಇರುವ ಯಾರಾದರೂ ಎಂಬ ಆಯ್ಕೆಯಲ್ಲಿ ಅದು ಗುಂಪಿನಿಂದ ಗುಂಪಿಗೆ ಹೋದಷ್ಟು ದೂರವೂ ಕಡತ ತೆರೆದೇ ಇರುತ್ತದೆ. ಎರಡನೆಯದು ಸುಲಭವೆಂದು ಎಲ್ಲರೂ ಅದನ್ನೇ ಒತ್ತುತ್ತಾರೆ. ಮದುವೆಯ ಚಿತ್ರಗಳಿಗೆ, ಓದುವ ಟಿಪ್ಪಣಿಗಳಿಗೆ ಅದು ನಡೆದೀತು. ವಿದ್ಯಾರ್ಥಿವೇತನಕ್ಕೆಂದು ಮಕ್ಕಳ ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪುಟಗಳನ್ನು ಒಂದೇ ಫೋಲ್ಡರಿಗೆ ತುಂಬಿ ಅದರ ಲಿಂಕನ್ನು ಹೀಗೆ ತೆರೆದಿಡುವುದು ಖಂಡಿತ ತಪ್ಪು. ತಿದ್ದುವ ಅಧಿಕಾರವನ್ನೂ ಎಲ್ಲರಿಗೂ ಕೊಟ್ಟರೆ, ಐವತ್ತು ಶಾಲೆಗಳ ಮಾಹಿತಿ ತುಂಬುವ ಶೀಟಿನಲ್ಲಿ ಒಬ್ಬರ ಬೆರಳು ತಪ್ಪಿ ಇನ್ನೊಬ್ಬರ ಸಾಲು ಅಳಿಯುತ್ತದೆ. ಗೂಗಲ್ ಶೀಟಿನಲ್ಲಿ ಹಿಂದಿನ ಆವೃತ್ತಿಗೆ ಮರಳುವ ಸೌಲಭ್ಯವಿದೆ. ಅದನ್ನು ಬಲ್ಲವರು ಗುಂಪಿನಲ್ಲಿ ಒಬ್ಬರಾದರೂ ಇರಬೇಕು. ಆಧಾರ್ ಕೊಡಲೇಬೇಕಾದ ಕಡೆ, ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿ ಆಧಾರ್ ನೀಡುವ ಪ್ರಾಧಿಕಾರದಿಂದಲೇ ಸಿಗುತ್ತದೆ. ಕೆಲಸ ಮುಗಿದ ದಿನ ಲಿಂಕನ್ನು ಮುಚ್ಚುವುದು ಹಂಚಿಕೆಯ ಕೊನೆಯ ಹೆಜ್ಜೆ. ಅದನ್ನು ಮಾಡುವವರು ತೀರಾ ಕಡಿಮೆ.

ಝೆರಾಕ್ಸ್ ಅಂಗಡಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ಮುದ್ರಿಸಲೆಂದು ಕಡತವನ್ನು ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳಿಸಿದರೆ ಅದು ಅಲ್ಲಿಯೇ ಉಳಿಯುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ತಮ್ಮ ಜಿಮೇಲ್ ತೆರೆದು ಹೊರಬರಲು ಮರೆತರೆ ಇಡೀ ಖಾತೆಯೇ ತೆರೆದು ಬಿದ್ದಂತೆ. ಹಾಗೆ ಮರೆತದ್ದನ್ನು ಮನೆಯಿಂದಲೇ ಫೋನಿನ ಖಾತೆಯ ಸೆಟ್ಟಿಂಗಿಗೆ ಹೋಗಿ, ಲಾಗಿನ್ ಆಗಿರುವ ಸಾಧನಗಳ ಪಟ್ಟಿಯಲ್ಲಿ ಆ ಕಂಪ್ಯೂಟರನ್ನು ತೆಗೆದುಹಾಕಿ ಸರಿಪಡಿಸಬಹುದು.

ಕನ್ನಡದ ಕಡತಗಳಿಗೆ ಇನ್ನೊಂದು ತೊಂದರೆಯಿದೆ. ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಅರ್ಜಿ, ಕರಾರುಪತ್ರ, ಆಮಂತ್ರಣಗಳು ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾಗುವುದುಂಟು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಅಂಥ ವರ್ಡ್ ಕಡತವನ್ನು ಡ್ರೈವ್‌ಗೆ ಹಾಕಿ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಕಡತ ಕೆಟ್ಟುಹೋಯಿತೆಂದು ಜನ ಅದನ್ನು ಅಳಿಸಿಬಿಡುತ್ತಾರೆ. ಕೆಟ್ಟಿರುವುದಿಲ್ಲ, ಫಾಂಟು ಇಲ್ಲ ಅಷ್ಟೆ. ಪಿಡಿಎಫ್ ಮಾಡಿಸಿಕೊಂಡರೆ ಓದಲು ತೊಂದರೆಯಿಲ್ಲ, ಎಲ್ಲ ಸಾಧನಗಳೂ ಗುರುತಿಸುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿದರೆ ಹುಡುಕಲೂ ತಿದ್ದಲೂ ಬರುತ್ತದೆ. ದೀರ್ಘಕಾಲ ಇಡಬೇಕಾದ ಕನ್ನಡ ಬರಹ ಯೂನಿಕೋಡ್‌ನಲ್ಲೇ ಇರಬೇಕು. ಕಡತದ ಹೆಸರನ್ನೂ ಕನ್ನಡದಲ್ಲೇ ಕೊಡಬಹುದು: ವರ್ಷ, ಊರು, ವಿಷಯ ಬರೆದಿಟ್ಟರೆ ಹುಡುಕುವಾಗ ಸಿಗುತ್ತದೆ, ಸ್ಕ್ಯಾನ್ ಆ್ಯಪ್ ತಾನೇ ಕೊಟ್ಟ ಅಂಕಿಗಳ ಹೆಸರಿನಿಂದ ಯಾರಿಗೂ ಏನೂ ಸಿಗದು.

ಇಷ್ಟಾದರೂ ಎಲ್ಲಕ್ಕಿಂತ ದೊಡ್ಡ ನಷ್ಟವಾಗುವುದು ಜಾಗದ ಕೊರತೆಯಿಂದಲೂ ಅಲ್ಲ, ನೆಟ್‌ವರ್ಕಿನಿಂದಲೂ ಅಲ್ಲ. ಖಾತೆಯ ಕೀಲಿ ಕಳೆಯುವುದರಿಂದ. ಅಂಗಡಿಯವರು ತೆರೆದುಕೊಟ್ಟ ಖಾತೆಯ ಪಾಸ್‌ವರ್ಡ್ ಮನೆಯವರಿಗೆ ಗೊತ್ತಿರುವುದಿಲ್ಲ. ಫೋನು ಒಡೆದಾಗ ಹೊಸ ಫೋನು, ಹೊಸ ಖಾತೆ. ಹಳೆಯ ಖಾತೆಯಲ್ಲಿ ಐದಾರು ವರ್ಷದ ಚಿತ್ರಗಳು ಹಾಗೆಯೇ ಉಳಿದುಬಿಡುತ್ತವೆ. ಮರಳಿ ಪಡೆಯಲು ಗೂಗಲ್ ಹಳೆಯ ಮೊಬೈಲ್ ಸಂಖ್ಯೆಗೆ ಸಂಕೇತ ಕಳಿಸುತ್ತದೆ. ಆ ಸಿಮ್ಮಿಗೆ ರೀಚಾರ್ಜ್ ಇಲ್ಲದೆ ತಿಂಗಳುಗಳಾಗಿದ್ದರೆ ಸಂಖ್ಯೆ ರದ್ದಾಗಿ ಬೇರೆಯವರ ಪಾಲಾಗಿರಬಹುದು. ಎರಡು ವರ್ಷ ಬಳಕೆಯಿಲ್ಲದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಹೀಗೆ, ಕ್ಲೌಡ್‌ನಲ್ಲಿ ಸುರಕ್ಷಿತವಾಗಿ ಇದ್ದದ್ದೇ ಮನೆಯವರ ಮಟ್ಟಿಗೆ ಇಲ್ಲವಾಗುತ್ತದೆ. ವಾಟ್ಸ್‌ಆ್ಯಪ್ 2021ರಿಂದ ಬ್ಯಾಕಪ್ಪಿಗೆ ಬೀಗ ಹಾಕುವ ಆಯ್ಕೆ ಕೊಟ್ಟಿದೆ. ಅದರ ಪಾಸ್‌ವರ್ಡ್ ಮರೆತರೆ ಕಂಪನಿಯೂ ಬೀಗ ತೆರೆಯಲಾರದು.

ಪರಿಹಾರ ಕಷ್ಟದ್ದಲ್ಲ. ಖಾತೆ ತಮ್ಮ ಹೆಸರಿನಲ್ಲಿರಬೇಕು, ಇಮೇಲ್ ವಿಳಾಸವನ್ನೂ ಪಾಸ್‌ವರ್ಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಯ ಭದ್ರ ಜಾಗದಲ್ಲಿ ಇಡಬೇಕು, ಮರುಪಡೆಯುವ ಸಂಖ್ಯೆಯಾಗಿ ಮನೆಯ ಇನ್ನೊಬ್ಬರ ನಂಬರನ್ನೂ ಸೇರಿಸಬೇಕು. ಪಾಸ್‌ವರ್ಡನ್ನು ಬರೆದಿಡಬಾರದೆಂಬ ಪಟ್ಟಣದ ಕಚೇರಿಗಳ ಉಪದೇಶ ಹಳ್ಳಿಯ ಮನೆಗೆ ಹೊಂದುವುದಿಲ್ಲ. ಅಲ್ಲಿ ಕಳ್ಳತನಕ್ಕಿಂತ ಮರೆವು ಹೆಚ್ಚು ಹಾನಿ ಮಾಡುತ್ತದೆ. ಎರಡು ಹಂತದ ದೃಢೀಕರಣ ಇಟ್ಟುಕೊಳ್ಳುವವರು ಅದರ ಬ್ಯಾಕಪ್ ಸಂಕೇತಗಳನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ಒಟಿಪಿ ಕೇಳುವ ಕರೆಗೆ ಮಾತ್ರ ಯಾವ ಕಾರಣಕ್ಕೂ ಉತ್ತರಿಸಬಾರದು. ಅದರಿಂದ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ಖಾತೆದಾರರು ತೀರಿಕೊಂಡ ಮೇಲೆ ಯಾರಿಗೆ ಏನು ಸಿಗಬೇಕೆಂದು ಮೊದಲೇ ಸೂಚಿಸುವ ಸೌಲಭ್ಯ ಗೂಗಲ್‌ನಲ್ಲಿ 2013ರಿಂದ ಇದೆ.

ಒದಗಿಸುವ ಸಂಸ್ಥೆಯೇ ತಪ್ಪಿದರೆ? 2023ರ ನವೆಂಬರ್‌ನಲ್ಲಿ ಗೂಗಲ್ ಡ್ರೈವ್‌ನ ಕಂಪ್ಯೂಟರ್ ತಂತ್ರಾಂಶದ ದೋಷದಿಂದ ಕೆಲವು ಬಳಕೆದಾರರ ಕಡತಗಳು ಕಾಣೆಯಾಗಿದ್ದವು. ಮರುಪಡೆಯುವ ವಿಧಾನವನ್ನು ಸಂಸ್ಥೆ ಆಮೇಲೆ ಕೊಟ್ಟಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬೆಂಕಿ ಬಿದ್ದು, ಸರ್ಕಾರಿ ನೌಕರರು ದಿನನಿತ್ಯ ಬಳಸುತ್ತಿದ್ದ ಜಿ-ಡ್ರೈವ್ ಎಂಬ ಕ್ಲೌಡ್ ಸಂಗ್ರಹದ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಅದಕ್ಕೆ ಬೇರೆ ಕಡೆ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದಲ್ಲೇ ಹೀಗಾದ ಮೇಲೆ, ಒಂದೇ ಕ್ಲೌಡ್‌ನ ಮೇಲೆ ಪೂರ್ತಿ ಭಾರ ಹಾಕುವುದು ಯಾರಿಗೂ ತರವಲ್ಲ. ಬ್ಯಾಕಪ್ ಬಲ್ಲವರ ನಿಯಮ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಮನೆಯ ಮಟ್ಟಿಗೆ ಇದು ಫೋನಿನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು, ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಲ್ಲಿ ಒಂದು ಎಂದಾಗುತ್ತದೆ. ಗೂಗಲ್ ಟೇಕ್‌ಔಟ್ ಎಂಬ ಸೌಲಭ್ಯದಿಂದ ಖಾತೆಯಲ್ಲಿರುವುದೆಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಬಹುದು. ಪೆನ್‌ಡ್ರೈವ್ ಕೂಡ ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಕೆಡಬಹುದಾದ್ದರಿಂದ ಆಗಾಗ ತೆರೆದು ನೋಡುತ್ತಿರಬೇಕು.

ಮನೆಯಾಚೆಗೂ ಈ ಪ್ರಶ್ನೆಯಿದೆ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ. ಸಂತ ಶಿಶುನಾಳ ಶರೀಫರ ಶಿಶುನಾಳ, ಕನಕದಾಸರ ಬಾಡ ಅದೇ ತಾಲ್ಲೂಕಿನವು. ತತ್ವಪದ, ಭಜನೆ, ಡೊಳ್ಳಿನ ಪದ ಹಾಡುವ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಹಾಡಿಕೆಯನ್ನು ಮೊಮ್ಮಕ್ಕಳು ಫೋನಿನಲ್ಲಿ ಹಿಡಿದಿಡುತ್ತಾರೆ. ಆ ಫೋನು ಕೆರೆಗೆ ಬಿದ್ದರೆ ಹಾಡೂ ಹೋಯಿತು. ಹಾಡಿದವರ ಹೆಸರು, ಊರು, ದಿನಾಂಕ ಬರೆದು ಡ್ರೈವ್‌ನ ಒಂದು ಫೋಲ್ಡರಿನಲ್ಲಿಟ್ಟು, ಹಾಡಿದವರ ಒಪ್ಪಿಗೆ ಪಡೆದು ಅದರ ಪ್ರತಿಯನ್ನು ವಿಶ್ವವಿದ್ಯಾಲಯದಂಥ ಸಂಸ್ಥೆಗೆ ತಲುಪಿಸುವುದು ಒಬ್ಬ ಕಾಲೇಜು ವಿದ್ಯಾರ್ಥಿಯಿಂದಲೂ ಆಗುವ ಕೆಲಸ. ಶಾಲೆ, ಪಂಚಾಯಿತಿ, ಸಹಕಾರಿ ಸಂಘಗಳ ಕಡತಗಳು ಒಬ್ಬ ನೌಕರರ ಸ್ವಂತ ಖಾತೆಯಲ್ಲಿ ಇರಕೂಡದು. ಅವರ ವರ್ಗಾವಣೆಯಾದ ದಿನ ಸಂಸ್ಥೆಯ ನೆನಪೇ ಅವರೊಂದಿಗೆ ಹೊರಟುಹೋಗುತ್ತದೆ.

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವೆಡೆ ಕಂಪ್ಯೂಟರು ಮತ್ತು ಇಂಟರ್ನೆಟ್ ಬಂದಿವೆ. ಈ ನಾಲ್ಕು ತಾಲ್ಲೂಕುಗಳ ಪಂಚಾಯಿತಿಗಳು ತಿಂಗಳಿಗೆ ಒಂದು ದಿನವನ್ನಾದರೂ ಅಲ್ಲಿ ಇದಕ್ಕೆಂದೇ ಮೀಸಲಿಡಬೇಕು: ಬಂದವರ ಖಾತೆಯ ವಿಳಾಸ ಮತ್ತು ಪಾಸ್‌ವರ್ಡನ್ನು ಅವರ ಕೈಯಲ್ಲೇ ಅವರ ಪುಸ್ತಕದಲ್ಲಿ ಬರೆಸಿ, ತಂದ ಹಳೆಯ ಕಾಗದಗಳನ್ನು ಅವರ ಖಾತೆಗೇ ಸ್ಕ್ಯಾನ್ ಮಾಡಿಸಿ, ತೆರೆದು ಬಿಟ್ಟ ಲಿಂಕುಗಳನ್ನು ಮುಚ್ಚಿಸಿ ಕಳಿಸಬೇಕು. ಮುಂದಿನ ಮಳೆಗಾಲಕ್ಕೆ ಮುಂಚೆ, ವರದಾ ದಂಡೆಯ ಊರುಗಳಿಂದಲೇ ಈ ಕೆಲಸ ಆರಂಭವಾಗಲಿ.